ಗಂಟಿಗೆ ತಾಗಿದ ಆರಿ

ಹೊಸ ಅಳಿಯನಿಗೆ ಬುದ್ಧಿ ಇರಲೇಬೇಕೆಂದು ಯಾರೂ ಕೇಳುವುದಿಲ್ಲ, ಸುಮ್ಮನೆ ಕೂತರೆ ಸಾಕು. ನನಗೆ ಅದೊಂದೇ ಬರುತ್ತಿರಲಿಲ್ಲ. ಆಗಿನ್ನೂ ನಿಜಾಮರ ಕಾಲ. ಗಾಜಿಪುರದ ನಮ್ಮ ಮನೆಯಿಂದ ಕಮಲಾಪುರದ ಮಾವನ ಮನೆಗೆ ಮೊದಲ ಸಲ ಹೊರಟಾಗ ಕೋಟೆಯ ಹತ್ತಿರದ ಅಂಗಡಿಯಲ್ಲಿ ಒಂದು ಮಡಚುವ ಚಾಕು ಕೊಂಡೆ. ಅದರ ಬೆನ್ನಿನಲ್ಲಿ ಇನ್ನೊಂದು ಮೊನೆ ಮಡಚಿಕೊಂಡಿತ್ತು. ಚಪ್ಪಲಿ ಹೊಲಿಯುವವರ ಹತ್ತಿರ ಇರುತ್ತದಲ್ಲ, ಚರ್ಮಕ್ಕೆ ತೂತು ಹಾಕುವ ಆರಿ, ಅಂಥದು. "ಸಾಬ, ಏ ಚಾಕೂ ನಹೀ, ಪೂರಾ ಕಾರಖಾನಾ ಹೈ" ಎಂದ ಅಂಗಡಿಯವ. ಚಾಕುವಲ್ಲ, ಇಡೀ ಕಾರ್ಖಾನೆ ಎಂಬ ಮಾತನ್ನು ನಾನು ನಂಬಿದೆ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಕಮಲಾಪುರ ಮುಟ್ಟಿದ ದಿನವೇ ನಾನು ಆರಿಗೆ ಕೆಲಸ ಹುಡುಕುತ್ತ ಮನೆಯೆಲ್ಲ ತಿರುಗಿದೆ. ಜೋಳದ ಚೀಲದ ಗಂಟು ಬಿಚ್ಚಿದೆ. ಕಂದೀಲಿಗೆ ಕಟ್ಟಿದ್ದ ಮಸಿ ಕೆರೆದೆ. ಎತ್ತಿನ ಕೊರಳ ಪಟ್ಟಿ ಸರಿಯಾಗಿಯೇ ಇತ್ತು, ಅದಕ್ಕೂ ಒಂದು ತೂತು ಹಾಕಿದೆ. ಮಾವನವರ ಚಪ್ಪಲಿಯ ಬಾರು ಸಡಿಲಾಗಿತ್ತು. ಅವರು ಬೇಡವೆಂದರೂ ಕೇಳದೆ ಅಂಗಳದಲ್ಲಿ ಕೂತು ಅದನ್ನೂ ಕೊರೆದು ಬಿಗಿ ಮಾಡಿದೆ. ಹೆಂಡತಿಯ ಅಜ್ಜಿ ಕಟ್ಟೆಯ ಮೇಲಿಂದ ನೋಡುತ್ತಿದ್ದರು. "ನಮ್ಮ ಅಳಿಯ ಭಾಳ ಹುಷಾರ ಅದಾನ" ಎಂದರು. ನನಗೆ ಕೋಡು ಮೂಡಿದ ಹಾಗಾಯಿತು.

ಮರುದಿನ ಬೆಳಿಗ್ಗೆ ಮಾವನವರು ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತರು. ಪೂಜೆಯಾಗದೆ ನೀರೂ ಮುಟ್ಟುವವರಲ್ಲ. ಇಷ್ಟಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಆ ದಾರದ ಗಂಟು ನೀರು ಕುಡಿದು ಬಿಗಿದಿತ್ತು. ಅವರ ದಪ್ಪ ಬೆರಳುಗಳು ಅದರೊಡನೆ ಗುದ್ದಾಡುವುದನ್ನು ನೋಡಿ ನನ್ನ ಕೈ ಸುಮ್ಮನಿರಲಿಲ್ಲ. "ತಡೀರಿ ಮಾವಾರ, ನಾ ಬಿಚ್ಚತೀನಿ" ಎಂದು ಬಗ್ಗಿ, ಆರಿಯ ಮೊನೆಯನ್ನು ಗಂಟಿನೊಳಗೆ ತೂರಿಸಿಯೇಬಿಟ್ಟೆ. ಗಂಟು ಸಲೀಸಾಗಿ ಬಿಚ್ಚಿಕೊಂಡಿತು.

"ಅಯ್ಯ ಶಿವನ! ನಿನ್ನಿ ಅದರಲೇ ಕೆರಕ್ಕ ತೂತ ಹಾಕ್ಯಾನಲ್ಲೋ!" ಅಜ್ಜಿ ಕೂಗಿದರು.

ನಾನೂ ಲಿಂಗ ಕಟ್ಟಿಕೊಂಡವನೇ, ಬಿಡಿಸಿ ಹೇಳಬೇಕಿರಲಿಲ್ಲ. ಚಪ್ಪಲಿ ಚುಚ್ಚಿದ ಮೊನೆ ಶಿವದಾರಕ್ಕೆ ತಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮುಖ ತಿರುಗಿಸಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾವನವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ದಾರವನ್ನೂ ವಸ್ತ್ರವನ್ನೂ ತೆಗೆದಿಟ್ಟು, ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದುಕೊಂಡರು. ಹೊಸ ದಾರವನ್ನು ಮಠದ ಅಯ್ಯನವರ ಕೈಯಿಂದಲೇ ಕಟ್ಟಿಸಿಕೊಳ್ಳುವುದು ಅವರ ಮನೆತನದ ರೂಢಿ, ಅದಾಗದೆ ಪೂಜೆಯಿಲ್ಲ. ಮಠ ಇದ್ದದ್ದು ಪಕ್ಕದ ಹಳ್ಳಿಯಲ್ಲಿ, ಬಂಡಿ ಆಗಲೇ ಹೊಲಕ್ಕೆ ಹೋಗಿತ್ತು. ಅಯ್ಯನವರನ್ನು ನಾನೇ ಹೋಗಿ ಕರೆತರುತ್ತೇನೆಂದೆ.

"ಹೊಸಾ ಅಳಿಯಗ ಬಿಸಲಾಗ ಓಡಾಡಿಸಿದ್ರ ಮಂದಿ ಏನಂದಾರು? ಮೊದಲ ನೀವು ಉಣ್ರಿ" ಎಂದರು ಮಾವನವರು.

ಹಸಿದ ಮನುಷ್ಯನ ಎದುರು ಹೇಗೆ ಉಣ್ಣುವುದು? ಒಲ್ಲೆನೆಂದೆ. ಅಳಿಯ ಉಣ್ಣದಿದ್ದರೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲವೆಂದು ಅತ್ತೆ ಕಣ್ಣಲ್ಲಿ ನೀರು ತಂದರು. ಕೂತೆ. ನನಗಾಗಿ ಮಾಡಿದ್ದ ಹೋಳಿಗೆ ಬಂತು. ಎಡಗೈಯನ್ನು ಎದೆಗಿಟ್ಟುಕೊಂಡೇ ಮಾವನವರು ಬಲಗೈಯಿಂದ ತುಪ್ಪ ಬಡಿಸಿದರು. "ಇನ್ನಷ್ಟ ಹಾಕಸ್ಕೋರಿ, ನಾಚಬ್ಯಾಡ್ರಿ" ಎಂದರು. ತಟ್ಟೆಯಿಂದ ತಲೆ ಎತ್ತದೆ ಉಂಡೆ.

ನಾನು ಕೈತೊಳೆದ ಮೇಲೆಯೇ ಅವರು ಮಠಕ್ಕೆ ಹೊರಟರು. ಕೈಯಲ್ಲಿ ಲಿಂಗ ಹಿಡಿದವರು ಚರ್ಮ ಮೆಟ್ಟುವಂತಿಲ್ಲ. ಹೊಸ್ತಿಲ ಹೊರಗೆ ಅವರ ಚಪ್ಪಲಿಗಳಿದ್ದವು, ಬಾರಿನಲ್ಲಿ ನಾನು ಕೊರೆದ ತೂತು ದುಂಡಗೆ ಕಾಣುತ್ತಿತ್ತು. ನನ್ನ ಕಣ್ಣು ಅಲ್ಲೇ ನೆಟ್ಟದ್ದು ಅವರಿಗೆ ತಿಳಿದಿರಬೇಕು.

"ಕೆರ ಭಾಳ ಚಲೋ ಮಾಡೀರಿ ಅಳಿಯಂದ್ರ, ಸಂಜಿಗೆ ಬಂದು ಮೆಟ್ಕೋತೀನಿ" ಎಂದು, ಅವುಗಳನ್ನು ದಾಟಿ ಬರಿಗಾಲಲ್ಲಿ ಬಿಸಿಲಿಗೆ ಇಳಿದರು.