ಅವ್ವ ಕಟ್ಟೆ ಹತ್ತಿದ ಸೋಮವಾರ

ನಾನು ಹುಟ್ಟಿದಾಗ ನಮ್ಮ ಹರಪನಹಳ್ಳಿ ತಾಲ್ಲೂಕು ದಾವಣಗೆರೆ ಜಿಲ್ಲೆಯಲ್ಲಿತ್ತು. ಆಮೇಲೆ ಬಳ್ಳಾರಿಗೆ ಬಂತು, ಈಗ ವಿಜಯನಗರಕ್ಕೆ ಸೇರಿದೆ. ಜಿಲ್ಲೆ ಮೂರಾದರೂ ನಮ್ಮೂರ ಅಗಸಿ ಬಾಗಿಲ ಪಕ್ಕದ ಕಲ್ಲುಕಟ್ಟೆ ಕದಲಲಿಲ್ಲ. ಪಾಳೆಗಾರರ ಕಡೆಯವರು ಅಲ್ಲಿ ಕೂತು ಕಂದಾಯ ಕೇಳುತ್ತಿದ್ದರಂತೆ. ಮದ್ರಾಸಿನ ಸರ್ಕಾರದ ಕಾಲಕ್ಕೆ ಗೌಡರು ಕೂತರು. ಗೌಡಿಕೆ ರದ್ದಾಗಿ, ಪಂಚಾಯಿತಿ ಬಂದು, ಅದರ ಕಚೇರಿಗೆ ಫ್ಯಾನು ಬಂದ ಮೇಲೂ ಊರು ಒಪ್ಪುವ ಮಾತು ಕಟ್ಟೆಯ ಮೇಲೆಯೇ ಆಗಬೇಕಿತ್ತು. ನಮ್ಮ ಕೇರಿಯವರು ಅದನ್ನು ದೂರದ ಬೇವಿನ ಮರದಡಿ ನಿಂತು ಕೇಳಿದವರು.

ಅವ್ವ ಪಂಚಾಯಿತಿ ಅಧ್ಯಕ್ಷೆಯಾದ ವರ್ಷ ನಮ್ಮ ಕೇರಿಗೆ ನಲ್ಲಿ ಮಂಜೂರಾಯಿತು. ಪೈಪು ಗೌಡರ ಓಣಿಯನ್ನು ಅಗೆದೇ ಬರಬೇಕು. ಕಚೇರಿಯಲ್ಲಿ ಸಭೆ ಕರೆದರೆ ಆ ಓಣಿಯಿಂದ ಒಬ್ಬರೂ ಬರಲಿಲ್ಲ. ಗುದ್ದಲಿ ಹಿಡಿದು ಹೋದ ಆಳುಗಳನ್ನು ಎರಡು ಸಲ ವಾಪಸ್ ಕಳಿಸಿದರು. ಅದರ ಮುಂದಿನ ಸೋಮವಾರ ಅವ್ವ ಕಟ್ಟೆಗೆ ಹೊರಟಳು.

"ಅಲ್ಲಿ ಕೂಡ್ರಾಕ ಬಿಡ್ತಾರಾ?" ಅಂದೆ.

"ಬಿಡಾಕ ಅದೇನು ಅವರ ಮನಿ ಮಂಚಾನಾ? ಸುಮ್ನ ಬಾ."

ಚಪ್ಪಲಿ ಬಿಟ್ಟು ಹತ್ತಿ ಕೂತಳು. ಓಣಿಯವರು ಬಂದರು, ಹಿರಿಯ ಗೌಡರೂ ಬಂದರು. ಆದರೆ ಕೆಳಗೆ ಹಾಸಿದ್ದ ಜಮಖಾನದ ಸುತ್ತ ಎಲ್ಲರೂ ನಿಂತೇ ಇದ್ದರು. ತಾನಿರುವಲ್ಲಿ ಕೂರಲು ಇವರಿಗೆ ಮನಸ್ಸಿಲ್ಲವೆಂದು ಅವ್ವನ ಮುಖ ಸಣ್ಣದಾಯಿತು. ನನಗೂ ಹಾಗೇ ಅನ್ನಿಸಿತು. ಅವಳು ತಲೆ ಎತ್ತದೆ, ಗಡಿಬಿಡಿಯಲ್ಲಿ ಪೈಪಿನ ವಿಷಯ ಹೇಳತೊಡಗಿದಳು.

ಗೌಡರು ಕೋಲನ್ನು ಇನ್ನೊಂದು ಕೈಗೆ ತೆಗೆದುಕೊಂಡರು.

"ಯವ್ವಾ, ಅದು ಆಮ್ಯಾಲೆ. ಮೊದ್ಲು ಕೂಡ್ರಿ ಅನ್ನು. ನನ್ನ ಮೊಣಕಾಲು ಸೋತಾವು."

"ನಾನು ಅನ್ನಬೇಕಾ ಗೌಡ್ರ? ನಿಮಗಾ?"

"ಮ್ಯಾಲೆ ಕುಂತೋರು ಅನ್ನೋ ತನಕ ಕೆಳಗಿನೋರು ಕೂಡ್ರಂಗಿಲ್ಲ. ನಮ್ಮಜ್ಜನ ಕಾಲದಿಂದ ಹಿಂಗ ಐತಿ."

ಬೇವಿನ ಮರದ ತನಕ ‘ಕೂಡ್ರಿ’ ಅನ್ನುವ ಮಾತು ಎಂದೂ ಬಂದಿರಲಿಲ್ಲ. ನಮಗೆ ಗೊತ್ತಾಗುವುದಾದರೂ ಹೇಗೆ?

"ಕೂಡ್ರಿ," ಅಂದಳು ಅವ್ವ.

"ಜೋರಾಗಿ ಅನ್ನವ್ವಾ, ನಾ ಕೆಪ್ಪ ಅದೀನಿ."

ಜನ ನಕ್ಕರು. ಅವ್ವ ಜೋರಾಗಿ ಅಂದಳು, ಎಲ್ಲರೂ ಕೂತರು. ಆಮೇಲೆ ಎಂದಿನಂತೆ ಮರದಡಿ ನಿಂತಿದ್ದ ನಮ್ಮವರ ಕಡೆ ತಿರುಗಿ, "ನೀವೂ ಬರ್ರಿ, ಕೂಡ್ರಿ," ಅಂದಳು. ನಮ್ಮ ಕೇರಿಯ ಇಬ್ಬರು ಹೆಂಗಸರು ಬಂದು ಜಮಖಾನದ ಅಂಚಿಗೆ ಕೂತರು. ಉಳಿದವರು ನೆರಳು ಬಿಡಲಿಲ್ಲ.

"ಅಗೀರಿ," ಎಂದರು ಗೌಡರು ಕೊನೆಗೆ. "ಆದ್ರ ನಮ್ಮ ಬಾಗಿಲ ಮುಂದ ಅಗದದ್ದು ಸಂಜಿ ಒಳಗ ಮುಚ್ಚಬೇಕು."

ಬುಧವಾರ ಗೌಡರ ಬಾಗಿಲ ಮುಂದೆ ಗುದ್ದಲಿ ಬಿತ್ತು. ಮಣ್ಣು ಮುಚ್ಚುವ ತನಕ ಅವ್ವ ಅಲ್ಲೇ ಇದ್ದಳು. ಕೂಡ್ರು ಎಂದು ಆ ಮನೆಯವರು ಯಾರೂ ಅನ್ನಲಿಲ್ಲ. ಅವಳು ಕಾಯಲೂ ಇಲ್ಲ, ರಾಶಿ ಹಾಕಿದ್ದ ಪೈಪುಗಳ ಮೇಲೆ ಕೂತಳು.