ಅವ್ವನ ತಾಮ್ರದ ಹಂಡೆ

ಸಂಗನಕಲ್ಲು ಗುಡ್ಡಕ್ಕೆ ಪ್ರತಿವರ್ಷ ಮಕ್ಕಳನ್ನು ಕರೆದೊಯ್ದು, ಕಲ್ಲಿನ ಕೊಡಲಿಗಳ ಕಥೆ ಹೇಳಿ, "ಆಮೇಲೆ ತಾಮ್ರ ಬಂತು, ಆಮೇಲೆ ಕಬ್ಬಿಣ" ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದ ಇತಿಹಾಸದ ಮೇಷ್ಟ್ರು ನಾನು.

ಹೋದ ವರ್ಷ ಸಿರುಗುಪ್ಪದಿಂದ ಅವ್ವನ ತಾಮ್ರದ ಹಂಡೆ ತರುವಾಗ ಅದು ಬಸ್ಸಿನಿಂದ ಉರುಳಿ ನೆಗ್ಗಿತು. ಬಳ್ಳಾರಿಯ ಮನೆ ಮುಟ್ಟಿದವನೇ ಸುತ್ತಿಗೆ ಹಿಡಿದು ಕೂತೆ. ನಮ್ಮಜ್ಜ ಕುರುಗೋಡಿನಲ್ಲಿ ಕಮ್ಮಾರ. ಮೊಮ್ಮಗನಿಗೆ ಇದ್ಯಾವ ಲೆಕ್ಕ? ಆದರೆ ಬಡಿದಷ್ಟೂ ಹಂಡೆ ಬಿರುಸಾಯಿತೇ ಹೊರತು ನೆಗ್ಗು ಏಳಲಿಲ್ಲ.

ಕೊನೆಗೆ ಅದನ್ನು ಪಾತ್ರೆ ರಿಪೇರಿಯ ಚಾಚಾರ ಅಂಗಡಿಗೆ ಹೊತ್ತೊಯ್ದೆ. ಅವರು ನೆಗ್ಗಿದ ಜಾಗವನ್ನು ಕೆಂಪಗೆ ಕಾಸಿ, ಮೇಲೆ ನೀರು ಸುರಿದರು.

"ಅಯ್ಯೋ, ಇನ್ನಷ್ಟು ಗಟ್ಟಿ ಆಗತೈತ್ರೀ!" ಎಂದು ಕೂಗಿದೆ. ಅಜ್ಜ ಕುಡುಗೋಲನ್ನು ಗಟ್ಟಿ ಮಾಡುತ್ತಿದ್ದದ್ದು ಹಾಗೆಯೇ.

ಚಾಚಾ ನಕ್ಕರು. "ಅದು ಕಬ್ಬಿಣದ ಬುದ್ಧಿ, ಮಾಸ್ತರ. ತಾಮ್ರ ಬಡದ್ರ ಬಿರುಸು, ಕಾಸಿದ್ರ ಮೆತ್ತಗ. ಈಗ ಬಡೀರಿ."

ನಾಲ್ಕೇ ಏಟಿಗೆ ತಾಮ್ರ ರೊಟ್ಟಿಯ ಹಿಟ್ಟಿನಂತೆ ಹೇಳಿದ ಮಾತು ಕೇಳಿತು, ನೆಗ್ಗು ಮಾಯ. ಇದನ್ನು ಮೊಟ್ಟಮೊದಲು ಕಂಡವರು ಒಲೆಯ ಮುಂದೆ ಎಷ್ಟು ಕುಣಿದಿರಬೇಕು! ಕಲ್ಲು ಒಮ್ಮೆ ಒಡೆದರೆ ಮುಗಿಯಿತು. ತಾಮ್ರವನ್ನು ಕಾಸಿ ಮತ್ತೆ ತಟ್ಟಬಹುದು. ಈಗ ತಾಮ್ರಕ್ಕೆಂದೇ ಒಂದು ಪೂರ್ತಿ ಪಿರಿಯಡ್ ಇಟ್ಟಿದ್ದೇನೆ.

ಮೊದಲ ಪಾಠ ಅವ್ವನಿಗೇ ಮಾಡಿದೆ. ಅವಳು ಹಂಡೆ ಸವರುತ್ತ ಎಲ್ಲ ಕೇಳಿಸಿಕೊಂಡು ಅಂದಳು: "ಅದಕ್ಕ ನೋಡು, ನಿಮ್ಮಪ್ಪ ಬಡದಷ್ಟೂ ನೀ ಬಿರುಸಾದಿ."