ಫ್ರೆಂಚರು ಹೋದ ಮೇಲಿನ ಕಥೆ

ಗಲ್ಫಿನ ಈಸಾ ಟೌನಿನಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿ ಶ್ರೀರಂಗಪಟ್ಟಣದ ಒಂದು ಮುಸ್ಲಿಂ ಕುಟುಂಬವಿತ್ತು. ಅವರ ಮಗಳಿಗೂ ನನ್ನ ಮಗಳಿಗೂ ಒಂದೇ ಕ್ಲಾಸು, ಒಂದೇ ಸ್ಕೂಲ್ ಬಸ್ಸು. ನಾನು ಮನಾಮಾದಲ್ಲಿ ನರ್ಸ್. ಡ್ಯೂಟಿ ತಡವಾದ ದಿನ ನನ್ನ ಮಗಳ ಊಟ ಅವರ ಮನೆಯಲ್ಲೇ. ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ವಿಸಿಟ್ ವೀಸಾದ ಮೇಲೆ ಮಂಗಳೂರಿನಿಂದ ನನ್ನ ಪಪ್ಪ ಬಂದಿದ್ದರು.

ಆ ವಾರ ಮಕ್ಕಳಿಗೆ ಹಿಸ್ಟರಿ ಪ್ರಾಜೆಕ್ಟ್ ಇತ್ತು: ದೂರದ ಒಂದು ಒಪ್ಪಂದ ನಮ್ಮೂರಿಗೆ ಹೇಗೆ ತಟ್ಟಿತು ಅಂತ. ಇಬ್ಬರೂ ಹುಡುಕಿ ತೆಗೆದದ್ದು ಇಬ್ಬರ ಊರಿಗೂ ಸೇರಿದ ಸಂಗತಿ. ಮೈಸೂರಿನ ಸುಲ್ತಾನ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದ. ಒಳಗಿದ್ದವರು ಇಂಗ್ಲಿಷರು, ಸುಲ್ತಾನನ ಜೊತೆಗಿದ್ದವರು ಫ್ರೆಂಚರು. ಅಷ್ಟರಲ್ಲಿ ಯುರೋಪಿನಲ್ಲಿ ಆ ಎರಡು ದೇಶಗಳೂ ರಾಜಿಯಾದ ಸುದ್ದಿ ಬಂತು. ಫ್ರೆಂಚರು ಯುದ್ಧ ಬಿಟ್ಟು ದೂರ ಸರಿದರು. ಒಂಟಿಯಾದ ಸುಲ್ತಾನನೂ ಕೊನೆಗೆ ಇಂಗ್ಲಿಷರೊಂದಿಗೆ ಸಂಧಿ ಮಾಡಿಕೊಂಡ.

ಶುಕ್ರವಾರ ಸಂಜೆ ನಮ್ಮ ಹಾಲಿನಲ್ಲಿ ಪಪ್ಪನ ಮುಂದೆ ಪ್ರಾಕ್ಟೀಸ್. ಇಂಗ್ಲಿಷಿನಲ್ಲಿ ಒಪ್ಪಿಸಿ ಆದ ಮೇಲೆ, ಪಪ್ಪನಿಗೆ ತಿಳಿಯಲೆಂದು ಎದುರುಮನೆಯ ಹುಡುಗಿ ಎಲ್ಲವನ್ನೂ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು. "ಆಮೇಲೆ ಪೀಸ್ ಆಯ್ತು ತಾತ. ಅಷ್ಟೇ."

"ಅಷ್ಟೇ ಅಲ್ಲ." ಪಪ್ಪ ನೆಟ್ಟಗೆ ಕೂತರು. "ಇಂಗ್ಲಿಷರಿಗೆ ಸಹಾಯ ಮಾಡಿದ್ರು ಅಂತ ಹೇಳಿ ನಮ್ಮ ಕ್ರಿಶ್ಚನ್ನರನ್ನು ಹಿಡಿದ್ರು. ಹೆಂಗಸರು, ಮಕ್ಕಳು ಅಂತ ನೋಡ್ಲಿಲ್ಲ. ಘಟ್ಟ ಹತ್ತಿಸಿ ನಡೆಸಿಕೊಂಡು ಹೋದ್ರು. ದಾರಿಯಲ್ಲೇ ಎಷ್ಟೋ ಜನ ಸತ್ರು. ಎಲ್ಲಿಗೆ ಕೊಂಡೋದ್ರು ಗೊತ್ತುಂಟಾ? ನಿನ್ನ ಊರಿಗೆ. ಮಾಡಿದ್ದು ನಿಮ್ಮವರೇ."

"ಪುರೊ ಪಪ್ಪಾ!" ಸಾಕು ಮಾಡಿ ಎಂದು ಕೊಂಕಣಿಯಲ್ಲಿ ರೇಗಿದೆ. ಮಗುವಿನ ತಲೆಗೆ ಕಟ್ಟುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದೂ ಕೇಳಿದೆ. ಹುಡುಗಿ ಮುಚ್ಚಳ ಹಾಕದೆಯೇ ಸ್ಕೆಚ್ ಪೆನ್ನುಗಳನ್ನು ಬಾಚಿಕೊಂಡು ಹೊರಟುಹೋದಳು. ಆಮೇಲೆ ನನಗೆ ಹೊಳೆಯಿತು: ಪಪ್ಪ ಚುಚ್ಚಿದ್ದು ಅವಳಿಗೆ ಅರ್ಥವಾಗುವ ಭಾಷೆಯಲ್ಲಿ, ನಾನು ಅವಳ ಪರವಾಗಿ ಮಾತಾಡಿದ್ದು ಅರ್ಥವಾಗದ ಭಾಷೆಯಲ್ಲಿ. ನಾನೂ ಅವಳನ್ನೇ ಬೈದೆ ಅಂದುಕೊಂಡಳೋ ಏನೋ. ಪಪ್ಪ ಹೇಳಿದ್ದು ಸುಳ್ಳಲ್ಲ. ಅಜ್ಜಿಯ ಬಾಯಲ್ಲಿ ಆ ಕಥೆ ಕೇಳುತ್ತಲೇ ಬೆಳೆದವಳು ನಾನು. ಆದರೂ ಮುಖ ಉರಿಯುತ್ತಿತ್ತು.

ಮರುದಿನ ಪಪ್ಪನೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, "ಬಾ, ಹೋಗುವ" ಎಂದರು. ಎದುರುಮನೆಯಾಕೆ ಚಹಾ ಕೊಟ್ಟರು.

"ನಿನ್ನೆ ನನ್ನ ಬಾಯಿ ತಪ್ಪಿತಮ್ಮ," ಎಂದರು ಪಪ್ಪ.

"ನಮ್ ಮಾವ ಆ ಊರಿಗೆ ಬಂದಿದ್ದೇ ಸಕ್ಕರೆ ಕಾರ್ಖಾನೆ ಕೆಲಸ ಸಿಕ್ಕಿ," ಎಂದರು ಆಕೆ. "ಇರ್ಲಿ, ನಾವು ಹಳಬ್ರೇ ಆಗಿದ್ರೂ ನಮ್ ಮಗು ಏನ್ ಮಾಡ್ಬೇಕಿತ್ತು ಅಂಕಲ್?"

ಪಪ್ಪ ಕಪ್ಪನ್ನು ಸಾಸರಿನ ಮೇಲೆ ತಿರುಗಿಸುತ್ತಾ ಕೂತರು. ಹುಡುಗಿ ರೂಮಿನಿಂದ ಹೊರಗೆ ಬರಲಿಲ್ಲ.

ಪ್ರಾಜೆಕ್ಟಿನಲ್ಲಿ ಆ ಸೆರೆಯ ವಿಷಯವನ್ನೂ ಸೇರಿಸಿದರಂತೆ. ಆ ಭಾಗ ಹೇಳಿದವಳು ನನ್ನ ಮಗಳು. ಅಷ್ಟು ಹೊತ್ತೂ ಪಕ್ಕದಲ್ಲಿ ನಿಂತಿದ್ದ ಆ ಹುಡುಗಿ ನೆಲ ನೋಡುತ್ತಿದ್ದಳಂತೆ.

ಎದುರುಮನೆಯಾಕೆ ನನ್ನ ಮಗಳಿಗೆ ಊಟ ಹಾಕುವುದನ್ನು ನಿಲ್ಲಿಸಲಿಲ್ಲ. ಕರೆದುಕೊಂಡು ಬರಲು ಹೋದಾಗ ಬೆಲ್ ಒತ್ತಲು ನನಗೇ ಕೈ ಬರುತ್ತಿರಲಿಲ್ಲ. ಹುಡುಗಿ ನಮ್ಮ ಮನೆಗೆ ಮತ್ತೆ ಬಂದದ್ದು ಕ್ರಿಸ್‌ಮಸ್‌ಗೆ. ಬಾಗಿಲಲ್ಲೇ ನಿಂತು, "ತಾತ ಇದ್ದಾರಾ ಆಂಟಿ?" ಎಂದಳು.

"ಇಲ್ಲ ಮಗಾ, ಊರಿಗೆ ಹೋದ್ರು."

ಆಮೇಲೆ ಚಪ್ಪಲಿ ಬಿಚ್ಚಿದಳು.